ಹೊಲಿಯದ ಪುಸ್ತಕ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. “ಮನುಷ್ಯಾನ ಹೆಸರು ದೊಡ್ಡ ಅಕ್ಷರದಾಗ ಹಾಕಿದ್ರ ಅದರ ಕೆಳಗ ಮಂದಿ ಸಾಲು ಹಚ್ಚತಾರ, ತಂಗೆವ್ವ” ಎನ್ನುತ್ತಿದ್ದರು. ಇದು ಅವರದೇ ಮಾತೆಂದು ಇಷ್ಟು ವರ್ಷ ನಂಬಿದ್ದೆ. ಕಾಲೇಜಿನ ಒಂದೆರಡು ಸಮಾರಂಭಗಳಲ್ಲಿ ಭಾಷಣಕ್ಕೆ ಬಳಸಿಕೊಂಡದ್ದೂ ಉಂಟು. ಕಳೆದ ವಾರ ಹಳೆಯ ದಿನಚರಿ ತೆಗೆದು ನೋಡಿದರೆ, ಹಾಗೆಂದವನು ಅವರ ಪ್ರೆಸ್ಸಿನಲ್ಲಿ ಮಶೀನು ತುಳಿಯುತ್ತಿದ್ದ ಮೌಲಾಸಾಬ್ ಎಂದು ನನ್ನದೇ ಅಕ್ಷರದಲ್ಲಿದೆ. ಅವನು ಮೇಡಂ ಎನ್ನುವ ಅರ್ಥದಲ್ಲಿ “ಬಾಯಾರ” ಎಂದದ್ದನ್ನು ನನ್ನ ನೆನಪು “ತಂಗೆವ್ವ” ಮಾಡಿಕೊಂಡಿದೆ. ಇಬ್ಬರೂ ಅಷ್ಟು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರು. ಯಾರ ಮಾತು ಯಾರ ಬಾಯಿಗೆ ಹೋಯಿತೋ ಹೇಳಲಾರೆ. ಹಾಗಾಗಿ ಮುಂದೆ ನಾನು ಬರೆಯುವ ಮಾತುಗಳನ್ನೆಲ್ಲ ಓದುವವರು ಸ್ವಲ್ಪ ಉಪ್ಪು ಕಡಿಮೆ ಮಾಡಿಕೊಂಡೇ ಉಣ್ಣಬೇಕು.

ಎಪ್ಪತ್ತರ ದಶಕದ ನಡುವೆ ಧಾರವಾಡದಲ್ಲಿ ಎಂ.ಎ. ಮುಗಿಸಿ, ಗಂಗಾವತಿಯ ಕಾಲೇಜಿಗೆ ಇತಿಹಾಸದ ಉಪನ್ಯಾಸಕಿಯಾಗಿ ಬಂದೆ. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಸಿಗುವುದು ಕಷ್ಟವಿತ್ತು. ಕಾಲೇಜಿನ ಜವಾನ, “ಪಾದ್ರಿ ಪ್ರೆಸ್ಸಿನ ಮ್ಯಾಲಿನ ಖೋಲಿ ಖಾಲಿ ಐತ್ರಿ. ಕೆಳಗ ಮಶೀನು ಧಡಧಡ ಅಂತೈತಿ, ಅದೊಂದ ನೋಡ್ರಿ” ಎಂದು ಕರೆದುಕೊಂಡು ಹೋದ. ಒಳಗೆ ಎತ್ತರದ, ಬಡಕಲು ಮನುಷ್ಯರೊಬ್ಬರು ಕನ್ನಡಕವನ್ನು ಹಣೆಗೇರಿಸಿ ಅಚ್ಚಿನ ಮೊಳೆಗಳನ್ನು ಜೋಡಿಸುತ್ತಿದ್ದರು. ನಾನು ಕೈ ಮುಗಿದು, “ನಮಸ್ಕಾರ ಪಾದ್ರಿಗಳಿಗೆ” ಎಂದೆ.

“ಪಾದ್ರಿ ಅಲ್ರಿ. ನಮ್ಮಲ್ಲಿ ಪಾದ್ರಿ ಇಲ್ಲ.”

“ಹಾಗಾದರೆ ಪಾಸ್ಟರ್?”

“ಅದೂ ಇಲ್ಲ.”

“ಮತ್ತೆ ಏನಂತ ಕರೆಯಲಿ?”

“ಅಣ್ಣ ಅನ್ರಿ. ಇಲ್ಲಿ ಎಲ್ಲಾರೂ ಅಣ್ಣ ತಂಗಿ.”

ಒಳಮನೆಯಿಂದ ಅವರ ಹೆಂಡತಿಯ ದನಿ ಬಂತು: “ಊರಿಗೆಲ್ಲಾ ಅಣ್ಣ ಆದ್ರ ನಾ ಏನನ್ಲಿ, ಕೇಳವ್ವಾ. ಲಗ್ನ ಆದಾಗಿಂದ ಗ್ರಂಥದಾಗ ಹುಡುಕಾಕ ಹತ್ತ್ಯಾರ, ಇನ್ನೂ ಸಿಕ್ಕಿಲ್ಲಂತ.”

ಆಕೆ ಗಂಡನನ್ನು “ಪ್ರೆಸ್ಸಿನವರು” ಎಂದು ಕರೆದು ಕಾಲ ಕಳೆದರು. ಅವರು ತೀರಿಕೊಂಡ ಮೇಲೆ ನಾನು ಮಾತಾಡಿಸಲು ಹೋದಾಗ, “ಅಣ್ಣ ಹ್ವಾದ ಅಣ್ಣ ಹ್ವಾದ ಅಂತ ಬಂದವರೆಲ್ಲಾ ಅತ್ರು. ನನಗ ಏನಂತ ಅಳಬೇಕು ತಿಳೀಲಿಲ್ಲ” ಎಂದರು. ಹೇಳಿ ನಕ್ಕರು. ಆ ನಗೆಯ ಮುಂದೆ ನಾನು ತಯಾರು ಮಾಡಿಕೊಂಡು ಹೋಗಿದ್ದ ಸಮಾಧಾನದ ಮಾತುಗಳು ಉಪಯೋಗಕ್ಕೆ ಬರಲಿಲ್ಲ.

ಅವರ ಸಭೆ ಪ್ರೆಸ್ಸಿನಲ್ಲೇ ಕೂಡುತ್ತಿತ್ತು. ಭಾನುವಾರ ಮಶೀನಿನ ಮೇಲೆ ಒಂದು ಗೋಣಿತಟ್ಟು ಹೊದಿಸಿ, ನೆಲಕ್ಕೆ ಜಮಖಾನೆ ಹಾಸಿದರೆ ಅದೇ ಚರ್ಚು. ಬರುತ್ತಿದ್ದವರು ಹದಿನೈದಿಪ್ಪತ್ತು ಮನೆಯವರು: ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗರು, ಕುಷ್ಟಗಿ, ಯಲಬುರ್ಗಾ, ಕನಕಗಿರಿಯ ಕಡೆಯ ಕೆಲವು ಕನ್ನಡದ ಮನೆಗಳು. ಬೈಬಲ್ ಬಿಟ್ಟರೆ ಬೇರೆ ನಿಯಮದ ಪುಸ್ತಕ ಬೇಡ, ಪಂಥದ ಹೆಸರು ಬೇಡ, ಪದವಿ ಬೇಡ. ಯೇಸುವಿನ ಮೊದಲ ಶಿಷ್ಯರು ಹೇಗಿದ್ದರೋ ಹಾಗೆ ಬರೀ ಕ್ರೈಸ್ತರಾಗಿ ಒಂದಾಗಿರಬೇಕು ಎನ್ನುವುದು ಇವರ ದಾರಿ. ಈ ದಾರಿಯನ್ನು ತೆಗೆದವರು ನೂರೈವತ್ತು ವರ್ಷ ಹಿಂದೆ ಸಮುದ್ರದ ಆಚೆ, ತಮ್ಮ ತಮ್ಮ ಚರ್ಚುಗಳನ್ನು ಬಿಟ್ಟು ಹೊರಬಂದ ಕೆಲವು ಮಂದಿ. ಕುದುರೆಯ ಮೇಲೆ ಊರೂರು ತಿರುಗಿ ಮಾತಾಡಿದವರು, ರಾಶಿ ರಾಶಿ ಬರೆದವರು. ಅವರ ಬರಹಗಳ ಮೂರು ದಪ್ಪ ಸಂಪುಟಗಳು ಆಂಧ್ರದ ಯಾರಿಂದಲೋ ನಮ್ಮ ಅಣ್ಣನವರ ಕೈಸೇರಿದ್ದವು. ಅವುಗಳಿಂದ ಆಯ್ದದ್ದನ್ನು ಕನ್ನಡಕ್ಕೆ ತಂದು ಪುಸ್ತಕ ಮಾಡುವುದು ಅವರ ಜೀವಮಾನದ ಆಸೆ.

ಅವರು ಮಾಡುತ್ತಿದ್ದ ರೀತಿ ನಾನು ಬೇರೆಲ್ಲೂ ಕಂಡಿಲ್ಲ. ಕಾಗದದ ಮೇಲೆ ಒಂದಕ್ಷರ ಬರೆಯುತ್ತಿರಲಿಲ್ಲ. ಇಂಗ್ಲಿಷ್ ಸಂಪುಟವನ್ನು ಎದುರಿಗಿಟ್ಟುಕೊಂಡು, ಒಂದು ವಾಕ್ಯ ಓದಿ, ಕಣ್ಣು ಮುಚ್ಚಿ, ಆಮೇಲೆ ಕನ್ನಡದ ಮೊಳೆಗಳನ್ನೇ ಒಂದೊಂದಾಗಿ ಎತ್ತಿ ನೇರವಾಗಿ ಜೋಡಿಸುತ್ತಿದ್ದರು. ಅವರಲ್ಲಿದ್ದದ್ದು ನಾಲ್ಕು ಪುಟಕ್ಕೆ ಸಾಲುವಷ್ಟು ಮೊಳೆ. ನಾಲ್ಕು ಪುಟ ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಮತ್ತೆ ಪೆಟ್ಟಿಗೆಯ ಮನೆಮನೆಗೆ ತುಂಬಬೇಕು, ಆಮೇಲೆ ಮುಂದಿನದು. ಹಾಳೆಯ ಎರಡೂ ಮೈ ಸೇರಿ ಎಂಟು ಪುಟದ ಒಂದು ಮಡಿಕೆಯಾದರೆ ಅದಕ್ಕೆ ‘ಫಾರಂ’ ಎನ್ನುತ್ತಿದ್ದರು. ಒಂದು ಫಾರಂ ಮುಗಿಯಲು ಕೆಲವೊಮ್ಮೆ ಆರು ತಿಂಗಳು ಹಿಡಿಯುತ್ತಿತ್ತು. ಮದುವೆಯ ಹಂಗಾಮಿನಲ್ಲಿ ಆ ಕೆಲಸ ಪೂರ್ತಿ ನಿಲ್ಲುತ್ತಿತ್ತು, ಯಾಕೆಂದರೆ ಮೊಳೆಗಳೆಲ್ಲ ಲಗ್ನಪತ್ರಿಕೆಗೆ ಹೋಗುತ್ತಿದ್ದವು.

ಲಗ್ನಪತ್ರಿಕೆಯ ನೆತ್ತಿಯಲ್ಲಿ ಗಣಪತಿಯ ಬ್ಲಾಕನ್ನು ಅವರೇ ಒರೆಸಿ ಇಡುತ್ತಿದ್ದರು. ಇದು ನಿಮಗೆ ನಡೆಯುತ್ತದೆಯೇ ಎಂದು ಒಮ್ಮೆ ಕೇಳಿದೆ. “ಮದುವಿ ಅವರ್ದು, ಅಚ್ಚು ನಂದು. ಸೊಂಡಿಲಕ್ಕ ಮಸಿ ಮೆತ್ತಿದ್ರ ನನ್ನ ಮರ್ಯಾದಿ ಹೋಕ್ಕೈತಿ” ಎಂದರು.

ನಾನು ಅವರಿಗೆ ಹಳೆಯ ಇಂಗ್ಲಿಷಿನ ಗಂಟುಗಳನ್ನು ಬಿಡಿಸಿಕೊಡುತ್ತಿದ್ದೆ. ಆ ಚಳವಳಿಗೇ ಕನ್ನಡದಲ್ಲಿ ಒಂದು ಮಾತು ಸಿಗಲಿಲ್ಲ. ನಾನು ‘ಸುಧಾರಣೆ’ ಎಂದೆ. ಸುಧಾರಿಸುವುದು ಎಂದರೆ ಹೊಸದನ್ನು ಸೇರಿಸಿದಂತೆ ಆಗುತ್ತದೆ, ಇವರು ಸೇರಿಸಿದ್ದನ್ನು ತೆಗೆಯಲು ಹೊರಟವರು ಎಂದು ಬಿಟ್ಟರು. ‘ಪುನರುದ್ಧಾರ’ ಎಂದೆ. ಗುಡಿಗೆ ಸುಣ್ಣ ಬಳಿದಂತೆ ಕೇಳುತ್ತದೆ ಎಂದರು. ಮೌಲಾಸಾಬ್ ಮಶೀನು ನಿಲ್ಲಿಸಿ, “ರಿಪೇರಿ ಅಂತ ಹಾಕ್ರಿ ಸಾಹೇಬ್ರ. ಕುಷ್ಟಗಿಯಿಂದ ಬಳ್ಳಾರಿ ತನಕ ಎಲ್ಲಾರಿಗೂ ತಿಳೀತೈತಿ” ಎಂದ. ಮೂವರೂ ನಕ್ಕೆವು. ಕೊನೆಗೆ ಅವರು ‘ಮೊದಲಿನಂತೆ ಮಾಡುವುದು’ ಎಂದೇ ಜೋಡಿಸಿದರು. ಉದ್ದವಾಯಿತು, ಆದರೆ ಅವರಿಗೆ ಸಮಾಧಾನವಾಯಿತು.

ಈ ಸಭೆಯಲ್ಲಿ ದೀಕ್ಷೆ ಎಂದರೆ ದೊಡ್ಡವರಾದ ಮೇಲೆ ಪೂರ್ತಿ ನೀರಿನಲ್ಲಿ ಮುಳುಗಿಯೇ ಆಗಬೇಕು. ಹಣೆಗೆ ನಾಲ್ಕು ಹನಿ ಚಿಮುಕಿಸಿದರೆ ನಡೆಯದು. ಕಾಲುವೆ ತುಂಬಿದ್ದಾಗ ಚಿಂತೆಯಿರಲಿಲ್ಲ. ಒಂದು ಬೇಸಿಗೆಯಲ್ಲಿ ಕಾಲುವೆಗೆ ನೀರು ಬಂದ್ ಆಗಿದ್ದಾಗ ಕುಷ್ಟಗಿಯ ಹನುಮಂತಪ್ಪನಿಗೆ ಮನಸ್ಸಾಯಿತು. ಅವನಿಗೆ ಅಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿ. ಹಿಡಿದದ್ದನ್ನು ಬಿಡುವವನಲ್ಲ, ನೀರು ಬಿಡುವ ತನಕ ತಡೆಯಪ್ಪ ಎಂದರೆ, “ನಡುವ ಸತ್ತ್ರ ಯಾರು ಜವಾಬ್ದಾರಿ, ನೀರಾವರಿ ಇಲಾಖೆಯವರಾ?” ಎಂದ. ಎಲ್ಲರೂ ಸಾಣಾಪುರದ ಕೆರೆಗೆ ಹೋದೆವು. ನಾನು ಬರೀ ನೋಡಲು ಹೋದವಳು. ಹನುಮಂತಪ್ಪ ಮುಳುಗಿ ಎದ್ದ. ಮೊಳಕೈ ಮಾತ್ರ ನೀರಿನ ಮೇಲೆ ಉಳಿಯಿತೆಂದು ಅವನಿಗೇ ಅನುಮಾನ ಬಂದು ಇನ್ನೊಮ್ಮೆ ಮುಳುಗಿದ. ವಾಪಸು ಬಸ್ಸಿನಲ್ಲಿ ಕಂಡಕ್ಟರ್, “ಯಾರು ಬಿದ್ದಿದ್ರಿ ಕೆರಿಯಾಗ?” ಎಂದು ಕೇಳಿದ. “ಬಿದ್ದಿಲ್ಲ, ಎದ್ದೀನಿ” ಎಂದ ಹನುಮಂತಪ್ಪ, ತೊಟ್ಟಿಕ್ಕುತ್ತಲೇ. ಹೆಸರು ಬದಲಿಸುತ್ತೀಯಾ ಎಂದು ಯಾರೋ ಕೇಳಿದ್ದಕ್ಕೆ, ಅಂಗಡಿಯ ಬೋರ್ಡಿಗೆ ಮೊನ್ನೆಯಷ್ಟೇ ಬಣ್ಣ ಹಚ್ಚಿಸಿದ್ದೇನೆ ಎಂದ.

ಭಾನುವಾರ ರೊಟ್ಟಿ ಮುರಿದು ಹಂಚಿಕೊಂಡ ಮೇಲೆ ಅಣ್ಣನವರು ಹೊಸ ಫಾರಂ ಓದಿ ಹೇಳುತ್ತಿದ್ದರು. ಹಿಂದಿನ ಆ ಮುಖಂಡರು ಗಂಗಾವತಿಯ ಜನರಿಗೆ ನೆಂಟರಷ್ಟು ಹತ್ತಿರದವರಾದರು. ತಂದೆ ಒಂದು ದೇಶದಲ್ಲಿ, ಮಗ ಇನ್ನೊಂದರಲ್ಲಿ ಕೂತು, ಒಬ್ಬರಿಗೊಬ್ಬರು ತಿಳಿಯದೆ ಒಂದೇ ವಿಚಾರಕ್ಕೆ ಬಂದದ್ದು. ಎರಡು ಬೇರೆ ಗುಂಪುಗಳು ಹೊಸ ವರ್ಷದ ಹೊತ್ತಿಗೆ ಒಂದೇ ಚಾವಣಿಯ ಕೆಳಗೆ ಕೈ ಹಿಡಿದು ಒಂದಾದದ್ದು. ಕ್ಯಾಂಪಿನ ಮುದುಕಿಯೊಬ್ಬಳು ಆ ಮಗನ ಹೆಂಡತಿ ಏನಾದಳು, ಮಕ್ಕಳೆಷ್ಟು ಎಂದೆಲ್ಲ ವಿಚಾರಿಸುತ್ತಿದ್ದಳು.

ಇತಿಹಾಸದವಳಾದ ನನಗೆ ಒಂದು ಚೇಷ್ಟೆಯ ಪ್ರಶ್ನೆ ಇತ್ತು. “ಅಣ್ಣಾವ್ರೇ, ಎಲ್ಲರನ್ನೂ ಒಂದು ಮಾಡಲು ಹೊರಟ ಇವರೇ ಮುಂದೆ ಮೂರು ಹೋಳಾದರಲ್ಲ? ಸಂಪುಟದ ಕೊನೆಯಲ್ಲಿ ಅದೇ ತಾನೇ ಇರುವುದು?”

“ಗೊತ್ತೈತಿ ತಂಗೆವ್ವ. ಅದಕ್ಕ ಅದನ್ನ ಕಡೀ ಫಾರಮ್ಮಿಗೆ ಇಟ್ಟೀನಿ” ಎಂದರು. ಈ ಮಾತು ದಿನಚರಿಯಲ್ಲಿದೆ, ಅವರದೇ.

ಅಚ್ಚಾದ ಫಾರಂಗಳು ಅವರ ಒಳಮನೆಯಲ್ಲಿ ಗಂಟು ಗಂಟಾಗಿ ಸೇರುತ್ತ ಹೋದವು. ಎಂಬತ್ತರ ಹೊತ್ತಿಗೆ ಕೊನೆಯದೊಂದು ಬಿಟ್ಟರೆ ಎಲ್ಲ ಮುಗಿದಿತ್ತು. ಹೊಲಿದು ರಟ್ಟು ಹಾಕಲು ಹೊಸಪೇಟೆಯ ಒಬ್ಬ ಬೈಂಡರ್ ಒಪ್ಪಿದ್ದ. ಆ ದಿನಗಳಲ್ಲಿ ಅವರು ನಡೆಯುತ್ತ ನಡೆಯುತ್ತ ಸೀಟಿ ಹಾಕುತ್ತಿದ್ದರು ಎಂದು ನನ್ನ ನೆನಪು. ಹೆಂಡತಿ ಮಾತ್ರ, “ಅವರಿಗೆ ಸೀಟಿ ಹಾಕಾಕ ಬರತಿದ್ದಿಲ್ಲ” ಎನ್ನುತ್ತಾರೆ.

ಆಗ ಬಂದದ್ದು ಪೇಟಿ. ಹಾರ್ಮೋನಿಯಂಗೆ ಈ ಕಡೆಯ ಹೆಸರು ಅದು.

ಇವರ ಸಭೆಯಲ್ಲಿ ವಾದ್ಯ ಇರಲಿಲ್ಲ. ಮೊದಲ ಶಿಷ್ಯರು ಹಾಡಿದರು ಎಂದಿದೆ, ಬಾರಿಸಿದರು ಎಂದಿಲ್ಲ ಎನ್ನುವುದು ಲೆಕ್ಕ. ಆದರೆ ಅವರ ಹಾಡು, ನಿಜ ಹೇಳುವುದಾದರೆ, ಭಯಂಕರ. ತೆಲುಗಿನ ಧಾಟಿ, ಕನ್ನಡದ ಮಾತು, ಒಬ್ಬೊಬ್ಬರದು ಒಂದೊಂದು ಊರಿನ ಶ್ರುತಿ. ಭಾನುವಾರ ನಾನು ಬೇಕೆಂದೇ ಆ ಹೊತ್ತಿಗೆ ಸಂತೆಗೆ ಹೋಗುತ್ತಿದ್ದೆ. ಕ್ಯಾಂಪಿನ ರತ್ನಂ, ಅಕ್ಕಿ ಗಿರಣಿಯಲ್ಲಿ ಫಿಟ್ಟರ್, ಒಳ್ಳೆಯ ಕಿವಿಯುಳ್ಳವನು. ತಡೆಯಲಾರದೆ, ಮುಚ್ಚಿಹೋದ ನಾಟಕ ಕಂಪನಿಯೊಂದರ ಪೇಟಿ ಕೊಂಡು, ಕಂಬಳಿಯಲ್ಲಿ ಸುತ್ತಿ, ಒಂದು ಭಾನುವಾರ ರಿಕ್ಷಾದಲ್ಲಿ ತಂದೇಬಿಟ್ಟ. ಅಂದು ನಾನು ಕೆಳಗೇ ಇದ್ದೆ.

“ಇದೇನಿದು?” ಎಂದ ಹನುಮಂತಪ್ಪ.

“ಶ್ರುತಿಗೆ ಅಣ್ಣ. ಒಂದು ಹಾಡು ಕೇಳಿ ನೋಡಿ.”

“ನಾಟಕದ ಪೇಟಿ ಇದು. ಹೋದ ವರ್ಷ ಇದರ ಮುಂದ ಗಂಡಸು ಸೀರಿ ಉಟಗೊಂಡು ಕುಣದಾನ, ನಾನ ನೋಡೀನಿ.”

“ನೋಡೋಕೆ ಹೋಗಿದ್ರಲ್ಲ, ಅದು ತಪ್ಪಲ್ವಾ? ನಿಮ್ಮ ಬಾಡಿಗೆ ಸೈಕಲ್ಲಲ್ಲಿ ಸಾರಾಯಿ ಅಂಗಡಿಗೂ ಹೋಗ್ತಾರೆ. ಅದಕ್ಕೆ ಸೈಕಲ್ ಕೆಟ್ಟದ್ದಾ ಅಣ್ಣ?”

“ಹನ್ನೊಂದನೇ ಫಾರಂ ತಗಿ. ಪೇಟಿಗೀಟಿ ಬ್ಯಾಡ ಅಂತ ಹಿರ್ಯಾರು ಸಾಫ್ ಬರದಾರ.”

“ಹದಿನಾಲ್ಕು ನೀವು ತೆಗೀರಿ. ಇಂಥದಕ್ಕೆಲ್ಲ ಅಣ್ಣತಮ್ಮ ಬೇರೆ ಆಗಬಾರ್ದು ಅಂತ ಬರ್ದಿರೋರೂ ಹಿರಿಯರೇ.”

ಫಾರಂ ಫಾರಂ ಎಂದು ಜಗಳ ಜಮಖಾನೆಯ ಆ ತುದಿಯಿಂದ ಈ ತುದಿಗೆ ಹಬ್ಬಿತು. ಹನ್ನೊಂದರವರು ಒಂದು ಕಡೆ, ಹದಿನಾಲ್ಕರವರು ಒಂದು ಕಡೆ. ಅಣ್ಣನವರ ಮುಂದಿನ ಮಣೆಯ ಮೇಲೆ ಬೈಬಲ್ ಬಟ್ಟೆಯಲ್ಲಿ ಸುತ್ತಿದ್ದದ್ದು ಸುತ್ತಿದಂತೆಯೇ ಇತ್ತು. ಆಮೇಲೆ ಅವರು ಮೆಲ್ಲಗೆ ಕೇಳಿದರು: “ಇವತ್ತ ಇದರ ಬಟ್ಟಿ ಬಿಚ್ಚಿದವರು ಯಾರರೆ ಅದೀರೇನು?”

ಮಶೀನಿಗೆ ಎಣ್ಣೆ ಬಿಡಲು ಬಂದಿದ್ದ ಮೌಲಾಸಾಬ್ ಬಾಗಿಲಲ್ಲಿ ನಿಂತು, “ಒಂದ ಪುಸ್ತಕ ಸಾಕು ಅಂದವರ ಮಾತು ತಗೊಂಡು ಎರಡನೇ ಪುಸ್ತಕ ಮಾಡೀರಲ್ರೀ” ಎಂದ. ಅವನು ತಮಾಷೆಗೆ ಅಂದದ್ದು. ಅಣ್ಣನವರಿಗೆ ಅದು ತಮಾಷೆಯಾಗಿ ಕೇಳಲಿಲ್ಲ.

ಹನುಮಂತಪ್ಪ, ಪೇಟಿ ಇರುವಲ್ಲಿಗೆ ನಾನು ಬರುವುದಿಲ್ಲ ಎಂದು ಎದ್ದ. ರತ್ನಂ, ಬೇಡ, ಕ್ಯಾಂಪಿನಲ್ಲಿ ನಮ್ಮದೇ ಸಭೆ ಮಾಡಿಕೊಳ್ಳುತ್ತೇವೆ ಎಂದು ಪೇಟಿ ಎತ್ತಿಕೊಂಡ. ಮುಂದಿನ ಭಾನುವಾರ ಬಂದವರು ಬೆರಳೆಣಿಕೆ. ಅಣ್ಣನವರ ಹೆಂಡತಿ ಎಂದಿನಂತೆ ಎಲ್ಲರಿಗೂ ಆಗುವಷ್ಟು ರೊಟ್ಟಿ ಮಾಡಿದ್ದರು, ಅದು ಮುಟ್ಟದೆ ಉಳಿಯಿತು. ಅಂದಿನಿಂದ ಅಣ್ಣನವರಿಗೆ ಒಂದೇ ಯೋಚನೆ: ಈ ಇಬ್ಬರು ಮತ್ತೆ ಒಂದೇ ಜಮಖಾನೆಯ ಮೇಲೆ ಕೂರುವುದು ಹೇಗೆ? ಇಷ್ಟು ವರ್ಷದ ತಮ್ಮ ಕೆಲಸವೇ ಅವರ ನಡುವೆ ಗೋಡೆಯಾಗಿ ಕೂತಿದೆ ಎನ್ನುವುದು ಅವರಿಗೆ ಕಂಡಿತ್ತು.

ನಾನು ವಾದ ಮಾಡಿದೆ. ಪುಸ್ತಕ ಮಾಡಿ, ಅದು ಚರಿತ್ರೆ, ಓದುವವರು ತಪ್ಪಾಗಿ ಓದಿದರೆ ಬರೆದವರ ತಪ್ಪಲ್ಲ ಎಂದೆ. ಅವರು ಏಳನೇ ಫಾರಂನ ಒಂದು ಕಥೆ ನೆನಪಿಸಿದರು. ಆ ಮೊದಲಿಗರಲ್ಲಿ ಕೆಲವರು ತಾವೇ ಕಟ್ಟಿದ್ದ ಒಂದು ಸಂಘ, ಮುಂದೆ ಅದೇ ಇನ್ನೊಂದು ಪಂಥವಾದೀತು ಎಂದು ಹೆದರಿ, ತಾವೇ ಅದಕ್ಕೆ ಮರಣಪತ್ರ ಬರೆದು ಮುಚ್ಚಿಬಿಟ್ಟಿದ್ದರು.

“ಅವರು ಕಟ್ಟಿದ್ದನ್ನ ಬಿಚ್ಚಿದ್ರು ತಂಗೆವ್ವ. ನಂದು ಇನ್ನೂ ಹೊಲದ ಇಲ್ಲ. ಅಷ್ಟರ ಮಟ್ಟಿಗೆ ನಾ ಪುಣ್ಯವಂತ.”

“ಹಾಗಾದರೆ ಸುಟ್ಟುಬಿಡುತ್ತೀರಾ?”

“ಛೇ. ಮೌಲಾಸಾಬ್ ತುಳದ ತುಳದ ಕಾಲು ಸವಸ್ಯಾನ.”

ಮುಂದಿನ ಉಪಾಯ ಯಾರದೆಂದು ನನಗೆ ಗೊತ್ತಿಲ್ಲ. ಆ ವಾರ ಪರೀಕ್ಷೆಯ ಉತ್ತರಪತ್ರಿಕೆ ನೋಡುವ ಗಡಿಬಿಡಿಯಲ್ಲಿ ದಿನಚರಿ ಬರೆದಿಲ್ಲ. ನನ್ನ ಅನುಮಾನ ಅವರ ಹೆಂಡತಿಯ ಮೇಲೆ. “ಜ್ವಾಳದ ಚೀಲ ಇಡಾಕ ಜಾಗ ಇಲ್ಲ. ಒಂದೊಂದ ಗಂಟು ಒಬ್ಬೊಬ್ಬರ ತಲಿ ಮ್ಯಾಲ ಹೊರಸ್ರಿ” ಎಂದು ಆಕೆ ಬಹಳ ದಿನದಿಂದ ಗೊಣಗುತ್ತಿದ್ದರು. ಅಣ್ಣನವರು ಮಾಡಿದ್ದು ಅಕ್ಷರಶಃ ಅದನ್ನೇ. ಬೈಂಡರನಿಗೆ ಬರಬೇಡ ಎಂದು ಹೇಳಿ ಕಳಿಸಿ, ಒಂದು ಫಾರಂನ ಪ್ರತಿಗಳನ್ನೆಲ್ಲ ಒಂದು ಮನೆಗೆ, ಇನ್ನೊಂದರದನ್ನು ಇನ್ನೊಂದು ಮನೆಗೆ, ಹೀಗೆ ಕನಕಗಿರಿ, ಯಲಬುರ್ಗಾ, ಕುಷ್ಟಗಿ, ಕ್ಯಾಂಪು ಎಂದು ಮೌಲಾಸಾಬನ ಜೊತೆ ಬಸ್ಸು ಹತ್ತಿ ಇಳಿದು ಹಂಚಿ ಬಂದರು. “ಪುಸ್ತಕ ಬೇಕಾದವರು ಎಲ್ಲಾರ ಮನಿಗೂ ಹೋಗ್ರಿ, ಒಂದೊಂದು ಇಸಗೊಳ್ರಿ. ಎಲ್ಲಾ ಕೂಡಿದ ಮ್ಯಾಲ ನೀವ ಹೊಲಕೊಳ್ರಿ” ಎಂದು ಎಲ್ಲರಿಗೂ ಹೇಳಿದರು. ಕೊನೆಯ ಫಾರಂ, ಹೋಳಾದ ಕಥೆಯದು, ಅವರು ಜೋಡಿಸಲೇ ಇಲ್ಲ.

ವಾದ್ಯ ಬೇಡ ಎನ್ನುವ ಹನ್ನೊಂದು ರತ್ನಂನ ಮನೆಗೆ ಹೋಯಿತು. ಅದಕ್ಕಾಗಿ ಬೇರೆಯಾಗಬೇಡಿ ಎನ್ನುವ ಹದಿನಾಲ್ಕು ಹನುಮಂತಪ್ಪನ ಸೈಕಲ್ ಅಂಗಡಿಗೆ. ಮೌಲಾಸಾಬ್ ಆ ದೃಶ್ಯವನ್ನು ನನಗೆ ಅಭಿನಯಿಸಿ ತೋರಿಸಿದ. ಹನುಮಂತಪ್ಪ ಗಂಟನ್ನು ದಿಟ್ಟಿಸಿ, “ಇದನ್ನ ನನ್ನ ಮನಿಯಾಗ ಇಡ್ಲ್ಯಾ? ನಂದು ಹನ್ನೊಂದು” ಎಂದನಂತೆ.

“ಹನ್ನೊಂದು ಬೇಕಂದ್ರ ರತ್ನಂ ಕಡೆ ಹೋಗು” ಎಂದರಂತೆ ಅಣ್ಣನವರು.

“ಮತ್ತ ಇದನ್ನೇನ ಮಾಡ್ಲಿ?”

“ಇಲಿ ಕಡೀದಂಗ ಇಡು.”

ಇದರಿಂದ ಮರುವಾರವೇ ಎಲ್ಲ ಸರಿಹೋಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಎರಡು ತಿಂಗಳು ಯಾರೂ ಎಲ್ಲಿಗೂ ಹೋಗಲಿಲ್ಲ. ಆಮೇಲೆ ಕ್ಯಾಂಪಿನ ಆ ಮುದುಕಿ, ಮಗನ ಹೆಂಡತಿಯ ಕಥೆ ಇರುವ ಫಾರಂ ಬೇಕೆಂದು ಕನಕಗಿರಿಗೆ ಹೊರಟಳು. ನಂತರ ಒಬ್ಬೊಬ್ಬರೇ. ರತ್ನಂ ಶನಿವಾರ ಸಂಜೆ ಕ್ಯಾಂಪಿನಲ್ಲಿ ಪೇಟಿ ಹಿಡಿದು ಹಾಡಿಸುವುದು, ಭಾನುವಾರ ಬರಿಗೈಯಲ್ಲಿ ಪ್ರೆಸ್ಸಿಗೆ ಬರುವುದು ಎಂದಾಯಿತು. ಹನುಮಂತಪ್ಪನೂ ಬಂದು ಕೂತ. “ಬಸ್ಸಿಗೆ ರೂಢಿ ಆಗೇತಿ, ತಾನ ಕರ್ಕೊಂಡ ಬಂತು” ಎಂದನಂತೆ. ರತ್ನಂ ಕೂತ ಕಡೆ ಮಾತ್ರ ನೋಡುತ್ತಿರಲಿಲ್ಲ. ಅಷ್ಟರಲ್ಲಿ ನನಗೆ ಕೊಪ್ಪಳಕ್ಕೆ ವರ್ಗವಾಯಿತು. ಒಂದನೇ ಫಾರಂನ ಗಂಟನ್ನು ಅಣ್ಣನವರು ನನ್ನ ಲಗೇಜಿಗೆ ಸೇರಿಸಿದರು. “ನಾನು ನಿಮ್ಮ ಸಭೆಯವಳಲ್ಲವಲ್ಲ?” ಎಂದೆ. “ನಿಮ್ಮ ಮನಿಗೆ ಬರಾಕ ಮಂದಿಗೆ ಒಂದು ನೆಪ ಇರಲಿ” ಎಂದರು. ಇತ್ತು ಕೂಡ. ವರ್ಷಕ್ಕೆ ನಾಲ್ಕಾರು ಮಂದಿ ಬಂದು, ಊಟ ಮಾಡಿ, ಫಾರಂ ಒಯ್ಯುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಗಂಗಾವತಿಗೆ ಹೋದರೆ ಪ್ರೆಸ್ಸು ಮುಚ್ಚಿತ್ತು, ಮಶೀನು ಸಿಂಧನೂರಿನ ಯಾರಿಗೋ ಹೋಗಿತ್ತು. ಹೆಂಡತಿಯನ್ನು ಕಂಡು ಹೊರಬಂದಾಗ ಸಭೆಯ ಕಥೆ ಮುಗಿದಿರುತ್ತದೆ ಎಂದೇ ಅಂದುಕೊಂಡೆ. ಒಬ್ಬರು ಕಟ್ಟಿ ಹಿಡಿದದ್ದು ಅವರು ಹೋದ ಮೇಲೆ ಬಿಚ್ಚಿಹೋಗುತ್ತದೆ. ನಾನು ಪಾಠ ಮಾಡುವ ಇತಿಹಾಸದ ತುಂಬ ಇರುವುದು ಅದೇ. ಆದರೂ ಬಂದವರಿಂದ ಒಂದೊಂದಾಗಿ ಇಸಿದುಕೊಂಡು ಕೂಡಿಸಿದ್ದ ನನ್ನ ಪ್ರತಿಯಲ್ಲಿ ಹನ್ನೊಂದನೇ ಫಾರಂ ಇರಲಿಲ್ಲ. ಅದೊಂದನ್ನು ಇಸಿದುಕೊಳ್ಳೋಣವೆಂದು ಕ್ಯಾಂಪಿಗೆ ಹೋದೆ.

ರತ್ನಂನ ತಲೆ ಪೂರ್ತಿ ಬೆಳ್ಳಗಾಗಿತ್ತು. ಗಂಟು ತಂದ. ತೆಳ್ಳಗಾಗಿತ್ತು.

“ಇಷ್ಟೊಂದು ಯಾರು ಒಯ್ದರು?”

“ಇನ್ಯಾರು ಮೇಡಂ, ಕುಷ್ಟಗಿಯ ಹನುಮಂತಪ್ಪಣ್ಣ. ಈಗ ಸಭೆ ಇಲ್ಲೇ ಅಲ್ವಾ, ನಮ್ಮನೇಲಿ. ಪ್ರತಿ ಭಾನುವಾರ ಬರ್ತಾರೆ. ಎಲ್ಲರೂ ಹೋದ ಮೇಲೆ ಕೂತು, ಯಾರಿಗೋ ಬೇಕಂತೆ ಅಂತ ಒಂದು ಫಾರಂ ತಗೊಂಡು ಹೋಗ್ತಾರೆ. ಒಂದೇ ಸಲ ಹತ್ತು ಒಯ್ಯಿರಿ ಅಣ್ಣ ಅಂದೆ. ಭಾರ ಆಗತೈತಿ ಅಂದ್ರು.” ರತ್ನಂ ಒಂದು ಫಾರಂ ಅಂಗೈಯಲ್ಲಿಟ್ಟು ತೂಗಿ ತೋರಿಸಿದ. “ಎಂಟು ಪುಟ.”

ಗೋಡೆಯ ಪಕ್ಕ, ಸ್ಟೂಲಿನ ಮೇಲೆ, ಚಾದರ ಹೊದಿಸಿದ ಪೇಟಿ ಇತ್ತು. ನಾನು ಅತ್ತ ನೋಡಿದ್ದನ್ನು ಅವನು ಗಮನಿಸಿದ.

“ಭಾನುವಾರ ಮುಚ್ಚಿಡ್ತೀನಿ. ಏನಿದು ಅಂತ ಅವರು ಒಂದು ದಿನವೂ ಕೇಳಿಲ್ಲ, ನಾನೂ ಹೇಳಿಲ್ಲ. ಬಂದು ಅದರ ಪಕ್ಕದಲ್ಲೇ ಕೂತು, ಚಾ ಕಪ್ಪನ್ನ ಅದರ ಮೇಲೇ ಇಡ್ತಾರೆ.”

ಅಂದು ಭಾನುವಾರವೇ. ಚಾದರದ ಮೇಲೆ ಒಂದರ ಮೇಲೊಂದು ಚಹಾದ ದುಂಡು ಕಲೆಗಳು, ಒಗೆದು ಒಗೆದು ಮಾಸಿದವು. ಒಂದು ಮಾತ್ರ ಇನ್ನೂ ಆರಿರಲಿಲ್ಲ.